ಅವ್ವನ ಸುಟ್ಟ ಕೈಗೆ ಬೆಳ್ಳಿಯ ಮುಲಾಮು

ಮಿರ್ಚಿ ಭಜಿ ಕರಿಯುವಾಗ ಅವ್ವನ ಮುಂಗೈ ಮೇಲೆ ಎಣ್ಣೆ ಚೆಲ್ಲಿ ದೊಡ್ಡ ಗುಳ್ಳೆಗಳೆದ್ದವು. ಬಾಗಲಕೋಟೆಯ ನವನಗರದಲ್ಲಿ ಡಾಕ್ಟರು ಬರೆದುಕೊಟ್ಟದ್ದು 1% ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮು. ಬೆಳ್ಳಿ ಮತ್ತು ಸಲ್ಫಾ ಎಂಬ ಬ್ಯಾಕ್ಟೀರಿಯಾ ತಡೆಯುವ ಔಷಧಿ, ಎರಡೂ ಒಂದರಲ್ಲೇ. ಬೆಳ್ಳಿ ಬ್ಯಾಕ್ಟೀರಿಯಾದ ಹೊರಪದರ ಕೆಡಿಸುತ್ತದೆ. ಸಲ್ಫಾ ಆ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಫೋಲೇಟ್ ಎಂಬ ಜೀವಸತ್ವ ತಯಾರಾಗದಂತೆ ತಡೆಯುತ್ತದೆ. 1960ರ ದಶಕದಿಂದಲೂ ಸುಟ್ಟ ಗಾಯಕ್ಕೆ ಇದೇ ಅಲ್ವಾ ಹೆಸರುವಾಸಿ!

ಹಚ್ಚಿದ ಕೂಡಲೇ ತಂಪು. "ಉರಿ ಕಡಿಮಿ ಆತು ನೋಡವಾ" ಅಂದಳು ಅವ್ವ. ಕೀವು ಆಗಲೇ ಇಲ್ಲ. ಆದರೆ ಪ್ರತಿ ಸಲ ಹಳೇ ಕ್ರೀಮು ತೊಳೆದು ತೆಗೆಯುವುದು ಕಷ್ಟ. ಬಿಳಿ ಪದರ ಅಂಟಿಕೊಂಡು ಗಾಯ ಮಾಯ್ದಿದೆಯೋ ಇಲ್ಲವೋ ಕಾಣುವುದೇ ಇಲ್ಲ.

ಸಲ್ಫಾ ಅಲರ್ಜಿ ಇದ್ದವರಿಗೆ, ಹಸುಗೂಸುಗಳಿಗೆ ಇದು ಬೇಡ. ನನಗೆ ರೊಟ್ಟಿ ಹಂಚು ತಾಗಿದಾಗಲೂ ಇದನ್ನೇ ಕೇಳಿದೆ. ಸಣ್ಣ ಗಾಯ ಮಾಯುವುದು ಇದರಿಂದ ತಡವಾಗಬಹುದು ಎಂದು ಡಾಕ್ಟರು ಕೊಡಲಿಲ್ಲ.