ಮೊಬೈಲಲ್ಲಿ ಫ್ಲಾಶ್: ಪ್ಲಗಿನ್, ಪಫಿನ್, ರಫಲ್ ಎಲ್ಲಾ ಹಾಕಿ ನೋಡಿದ್ಮೇಲೆ

ಒಂದು ಕಾಲದಲ್ಲಿ ವೆಬ್‌ಸೈಟ್‌ಗಳ ಎಷ್ಟೋ ವಿಡಿಯೋ, ಗೇಮ್, ಜಾಹೀರಾತು ಓಡ್ತಿದ್ದಿದ್ದು ಫ್ಲಾಶಲ್ಲಿ, ಅದಕ್ಕೆ ಬ್ರೌಸರಿಗೆ ಪ್ಲಗಿನ್ ಅನ್ನೋ ಒಂದು ಜೋಡಣೆ ಬೇಕಿತ್ತು. ಫೋನಲ್ಲಿ ಆ ಫ್ಲಾಶ್ ಪ್ಲಗಿನ್ ಇರ್ಬೇಕಿತ್ತಾ ಬೇಡ್ವಾ ಅನ್ನೋ ಜಗಳ ಮುಗ್ದು ಎಷ್ಟೋ ವರ್ಷ ಆಯ್ತು, ಆದ್ರೂ ಹಳೇ ಆಂಡ್ರಾಯ್ಡ್ ಅಭಿಮಾನಿಗಳು ನಾಕು ಜನ ಸೇರಿದ್ರೆ "ನಮ್ ಫೋನಲ್ಲಿ ಪೂರ್ತಿ ವೆಬ್ ಬರ್ತಿತ್ತು ಕಣ್ರೀ, ಐಫೋನಲ್ಲೆಲ್ಲಿತ್ತು" ಅಂತ ಇವತ್ತಿಗೂ ಶುರು ಹಚ್ಕೋತಾರೆ. ಆಗ ನನ್ ಹತ್ರ ಪ್ಲಗಿನ್ ಓಡೋ ಆಂಡ್ರಾಯ್ಡ್ ಫೋನಿತ್ತು, ಭಾವನ ಐಪ್ಯಾಡ್ ಆಗಾಗ ಕೈಗೆ ಸಿಗ್ತಿತ್ತು, ಆಮೇಲೆ ಪಫಿನ್ ಅನ್ನೋ ಬ್ರೌಸರ್ ಹಾಕ್ಕೊಂಡೆ, ಈಗ ಹಳೇ ಫ್ಲಾಶ್ ಓಡಿಸೋ ರಫಲ್. ಎಲ್ಲದ್ರಲ್ಲೂ ನಾನು ನೋಡಿದ್ದು ಒಂದೇ, ಕೆಲಸದ ಭಾರ ಯಾರ ಮೇಲೆ ಬೀಳ್ತಿದೆ ಅಂತ.

ಮೊದ್ಲು ಪ್ಲಗಿನ್. ಫ್ಲಾಶ್ ಮಾಡ್ತಿದ್ದ ಅಡೋಬಿ ಕಂಪನಿ 2010ರ ಜೂನಲ್ಲಿ ಫೋನಿಗೆ ಅಂತ ಫ್ಲಾಶ್ ಪ್ಲೇಯರ್ 10.1 ಅನ್ನೋ ಪ್ಲಗಿನ್ ಬಿಡ್ತು, ಆಂಡ್ರಾಯ್ಡ್ 2.2 ಬೇಕಿತ್ತು, ಅದೊಂದೇ ಸಾಲ್ದು ಅಂತ ಎಆರ್‌ಎಂ ವಿ7 ಪ್ರೊಸೆಸರ್ರೂ ಬೇಕಿತ್ತು. ನಮ್ ಕಡೆ ಕಾಲೇಜ್ ಹುಡುಗ್ರ ಕೈಲಿ ಆಮೇಲೆ ಎಲ್ಲಿ ನೋಡಿದ್ರೂ ಗ್ಯಾಲಕ್ಸಿ ಏಸ್, ಗ್ಯಾಲಕ್ಸಿ ವೈ, ಎರಡೂ ಅದಕ್ಕಿಂತ ಹಳೇ ವಿ6 ಚಿಪ್ಪಿನವು. ಅಂದ್ರೆ ಈ "ಪೂರ್ತಿ ವೆಬ್" ಜಾಸ್ತಿ ದುಡ್ಡು ಕೊಟ್ಟು ಫೋನ್ ತಗೊಂಡವ್ರಿಗೆ ಮಾತ್ರ. ಇದನ್ನ ಈಗ ಯಾರೂ ನೆನಪಿಸ್ಕೊಳಲ್ಲ.

ಪ್ಲಗಿನ್ ಇದ್ದೋರಿಗಾದ್ರೂ ಸುಖ ಇತ್ತಾ? ವಿಡಿಯೋ ಓಡ್ತಿತ್ತು, ಸುಳ್ಳು ಹೇಳಲ್ಲ. ತೊಂದ್ರೆ ಇದ್ದಿದ್ದು ಮಿಕ್ಕಿದ್ದರಲ್ಲಿ. ಫ್ಲಾಶ್ ಸೈಟ್ ಮಾಡ್ದೋರೆಲ್ಲ ಮೌಸ್ ಇದೆ ಅಂದ್ಕೊಂಡೇ ಮಾಡಿದ್ರು, ಬಾಣದ ಗುರುತು ಮೆನು ಮೇಲೆ ಹೋದ್ರೆ ಒಳಗಿನ ಪಟ್ಟಿ ಬಿಚ್ಕೋಬೇಕು, ಆದ್ರೆ ಬೆರಳಿಗೆ "ಮೇಲೆ ಹೋಗಿ ನಿಲ್ಲೋದು" ಅನ್ನೋದೇ ಇಲ್ವಲ್ಲ, ಒಂದೋ ಮುಟ್ಟಿರ್ತೀರ ಇಲ್ಲಾ ಮುಟ್ಟಿರಲ್ಲ. ಗೇಮ್ ತೆಗೆದ್ರೆ ಆ್ಯರೋ ಕೀ ಒತ್ತು ಅನ್ನುತ್ತೆ, ಟಚ್ ಫೋನಲ್ಲಿ ಆ್ಯರೋ ಕೀ ಎಲ್ಲಿಂದ ತರೋದು. ಪೇಜ್ ಕೆಳಗೆ ಎಳೆಯೋಣ ಅಂತ ಬೆರಳಿಟ್ರೆ ಅದು ಫ್ಲಾಶ್ ಡಬ್ಬದ ಮೇಲೆ ಬಿದ್ರೆ ಎಳೆದಿದ್ದು ಪೇಜಿಗಾ ಗೇಮಿಗಾ ಅನ್ನೋದು ಎರಡಕ್ಕೂ ಗೊತ್ತಾಗ್ತಿರ್ಲಿಲ್ಲ, ಒಂದೇ ಮನೇಲಿ ಎರಡು ಯಜಮಾನಿಕೆ ನಡೆದಂಗೆ.

ಆದ್ರೆ ಒಂದು ವಿಷಯಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಆಂಡ್ರಾಯ್ಡ್ ಬ್ರೌಸರ್ ಸೆಟ್ಟಿಂಗ್ಸಲ್ಲಿ ಪ್ಲಗಿನ್ ಯಾವಾಗ್ಲೂ ಆನ್, ಕೇಳ್ದಾಗ ಮಾತ್ರ, ಆಫ್ ಅಂತ ಮೂರು ಆಯ್ಕೆ ಇತ್ತು. ಕೇಳ್ದಾಗ ಮಾತ್ರ ಅಂತ ಇಟ್ರೆ ಫ್ಲಾಶ್ ಜಾಗದಲ್ಲಿ ಒಂದು ಹಸಿರು ಬಾಣ ಕಾಣೋದು, ಮುಟ್ಟಿದ್ರೆ ಮಾತ್ರ ಓಡೋದು. ಕುಣಿಯೋ ಜಾಹೀರಾತೆಲ್ಲ ಸುಮ್ನಾಗೋವು, ಡೇಟಾನೂ ಉಳಿಯೋದು. ನಾನು ಆ ಸೆಟ್ಟಿಂಗ್ ಬದಲಾಯಿಸ್ಲೇ ಇಲ್ಲ.

ಐಪ್ಯಾಡಲ್ಲಿ ಅದೇ ಪೇಜ್ ತೆಗೆದ್ರೆ ಖಾಲಿ ಡಬ್ಬ. ಫ್ಲಾಶ್ ಯಾಕೆ ಬೇಡ ಅಂತ ಆ್ಯಪಲ್‌ನ ಸ್ಟೀವ್ ಜಾಬ್ಸ್ 2010ರ ಏಪ್ರಿಲಲ್ಲಿ ಬರೆದ ಬಹಿರಂಗ ಪತ್ರದಲ್ಲಿ ಐಫೋನಲ್ಲಿ ಎಚ್.264 ಅನ್ನೋ ಮಾದರಿಯ ವಿಡಿಯೋ ಹಾರ್ಡ್‌ವೇರಲ್ಲಿ ಓಡಿದ್ರೆ ಬ್ಯಾಟರಿ 10 ಗಂಟೆ, ಸಾಫ್ಟ್‌ವೇರಲ್ಲಿ ಓಡಿದ್ರೆ 5 ಗಂಟೆನೂ ಇಲ್ಲ ಅಂದಿದ್ರು, ಮೌಸಿಗೆ ಮಾಡಿದ್ದು ಬೆರಳಿಗೆ ಆಗ್ಬರಲ್ಲ ಅಂತಾನೂ ಅಂದಿದ್ರು, ಎರಡೂ ಸರಿ. ಆದ್ರೆ ತಮ್ಮ ಆ್ಯಪ್ ಸ್ಟೋರಿಗೆ ಬೀಗ ಹಾಕ್ಕೊಂಡು ಫ್ಲಾಶ್ ಓಪನ್ ಅಲ್ಲ ಅಂತ ಬುದ್ಧಿ ಹೇಳಿದ್ದಿದ್ಯಲ್ಲ, ಅದು ನಂಗೆ ಆಗ್ಲೂ ನಗು ತರಿಸ್ತು, ಈಗ್ಲೂ ಅಷ್ಟೇ.

ಮೂರನೇ ದಾರಿ, ಕೆಲಸ ಪೂರ್ತಿ ಸರ್ವರಿಗೆ ಹಾಕೋದು. ಕನ್ನಡದವ್ರಿಗೆ ಇದು ಹೊಸದೇನಲ್ಲ, ಫೋನಲ್ಲಿ ಕನ್ನಡ ಅಂದ್ರೆ ಬರೀ ಚೌಕ ಡಬ್ಬಗಳು ಕಾಣ್ತಿದ್ದ ಕಾಲದಲ್ಲಿ ಒಪೆರಾ ಮಿನಿ ಕಾನ್ಫಿಗ್ ಪೇಜಿಗೆ ಹೋಗಿ ಬಿಟ್‌ಮ್ಯಾಪ್ ಫಾಂಟ್ ಆಯ್ಕೆಗೆ ಯೆಸ್ ಅಂದ್ರೆ ಅಕ್ಷರಾನ ಸರ್ವರ್ರೇ ಚಿತ್ರ ಮಾಡಿ ಕಳಿಸೋದು. ಪಫಿನ್ ಫ್ಲಾಶಿಗೆ ಅದೇ ಉಪಾಯ ಮಾಡ್ತು, ಜೊತೆಗೆ ಪರದೆ ಮೇಲೇ ಒಂದು ಮೌಸ್ ಪಾಯಿಂಟರ್, ಒಂದು ಗೇಮ್‌ಪ್ಯಾಡ್ ಕೊಡ್ತು. ಪ್ಲಗಿನ್ ಕೈಲಿ ಆಗ್ದಿದ್ದ ಮೆನು ಇದ್ರಲ್ಲಿ ಬಿಚ್ಕೊಳ್ತು! ಅಗ್ಗದ ಫೋನಿಗೆ, ಐಪ್ಯಾಡಿಗೆ ಎರಡಕ್ಕೂ ಆಗ್ತಿತ್ತು. ಆದ್ರೆ ನೀವು ಒತ್ತಿದ್ದು ಅಷ್ಟು ದೂರದ ಸರ್ವರಿಗೆ ಹೋಗಿ ಚಿತ್ರ ವಾಪಸ್ ಬರ್ಬೇಕು, ನಮ್ಮ 2ಜಿಯಲ್ಲಿ ಓಡೋ ಗೇಮಿಗೆಲ್ಲ ಅದು ಆಗದ ಮಾತು. ನೀವು ಹಾಕೋ ಪಾಸ್‌ವರ್ಡೂ ಅವ್ರ ಸರ್ವರ್ ಮೂಲಕಾನೇ ಹೋಗೋದು, ಹಂಗಾಗಿ ಬ್ಯಾಂಕ್ ಸೈಟ್ ಅದ್ರಲ್ಲಿ ನಾನು ತೆಗೀತಿರ್ಲಿಲ್ಲ.

ಅಡೋಬಿ 2011ರ ನವೆಂಬರಲ್ಲೇ ಮೊಬೈಲ್ ಫ್ಲಾಶ್ ಕೈಬಿಡ್ತೀವಿ ಅಂತು, 2012ರ ಆಗಸ್ಟಲ್ಲಿ ಹೊಸದಾಗಿ ಹಾಕ್ಕೊಳ್ಳೋದೂ ನಿಂತೋಯ್ತು. ಆಂಡ್ರಾಯ್ಡ್ 4.1ಕ್ಕೆ ಫ್ಲಾಶ್ ಬರ್ಲೇ ಇಲ್ಲ, ಅದೇ 4.1ರಲ್ಲಿ ಕನ್ನಡ ಬಂತು. ಈ ವ್ಯಾಪಾರದಲ್ಲಿ ನಂಗಂತೂ ಲಾಭಾನೇ.

ಈಗಿನ ರಫಲ್ ನೋಡಿ, ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬರೆದು, ಬ್ರೌಸರೇ ಓಡಿಸೋ ವೆಬ್‌ಅಸೆಂಬ್ಲಿಯಾಗಿ ಪೇಜ್ ಒಳಗೇ ಓಡುತ್ತೆ, ಹಳೇ ವೆಬ್ ಕಾಪಾಡಿಡೋ ಇಂಟರ್ನೆಟ್ ಆರ್ಕೈವ್ ಸೈಟ್ 2020ರಿಂದ ಹಳೇ ಫ್ಲಾಶೆಲ್ಲ ಹೀಗೇ ತೋರಿಸ್ತಿದೆ. ಪ್ಲಗಿನ್ ಬೇಡ, ಮಧ್ಯೆ ಸರ್ವರ್ರೂ ಇಲ್ಲ. ಫ್ಲಾಶಿನ ಭಾಷೆ ಆ್ಯಕ್ಷನ್‌ಸ್ಕ್ರಿಪ್ಟ್, ಅದರ ಹಳೇ ಆವೃತ್ತಿಯ ಗೇಮ್‌ಗಳು ಚೆನ್ನಾಗೇ ಬರ್ತಾವೆ, ಆ್ಯಕ್ಷನ್‌ಸ್ಕ್ರಿಪ್ಟ್ 3ರವು ಎಲ್ಲಾ ಬರಲ್ಲ. ಬೆರಳಿನ ತೊಂದ್ರೆ ಮಾತ್ರ ಹಂಗೇ ಇದೆ, ಬ್ಲೂಟೂತ್ ಮೌಸ್ ಹಾಕ್ಕೊಂಡ್ರೆ ಆರಾಮು.

ಹಾಗಾಗಿ ಫೋನಿಗೆ ಪ್ಲಗಿನ್ ಬೇಕಾ ಅಂದ್ರೆ ಬೇಡ ಅಂತೀನಿ, ಆದ್ರೆ ಆ ಹಸಿರು ಬಾಣ ಬೇಕಿತ್ತು. ಯಾವುದು ಓಡ್ಬೇಕು ಯಾವುದು ಬೇಡ ಅನ್ನೋದು ನನ್ ಕೈಲಿರ್ಬೇಕು, ಈಗ ಅದಕ್ಕೆ ಬ್ರೌಸರಿಗೆ ಎಕ್ಸ್‌ಟೆನ್ಶನ್ ಅನ್ನೋ ಪುಟ್ಟ ಸೇರ್ಪಡೆ ಹಾಕ್ಬೇಕು, ಆಂಡ್ರಾಯ್ಡ್ ಕ್ರೋಮಲ್ಲಿ ಅದನ್ನ ಹಾಕೋಕೂ ಬಿಡಲ್ಲ, ಫೈರ್‌ಫಾಕ್ಸ್ 2023ರ ಡಿಸೆಂಬರಲ್ಲಿ ಬಾಗಿಲು ತೆಗೀತು, ನಾನೀಗ ಇರೋದು ಅಲ್ಲೇ.