ಎಕ್ಸೆಪ್ಷನ್ ಪರೀಕ್ಷೆಗೆ ಹೆಚ್‌ಯುನಿಟ್, ಹೆಚ್‌ಸ್ಪೆಕ್, ಆಲ್ಕೋಟೆಸ್ಟ್: ನನ್ನ ಬಳಿ ಉಳಿದದ್ದು

ತಪ್ಪು ಇನ್‌ಪುಟ್ ಕೊಟ್ಟಾಗ ಫಂಕ್ಷನ್ ತಕ್ಕ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯುತ್ತದೆಯೇ ಎಂದು ನೋಡಲು ಈಗ ನಾನು ಬಳಸುವುದು ಹ್ಯಾಸ್ಕೆಲ್ ಭಾಷೆಯ ಟೆಸ್ಟ್ ಲೈಬ್ರರಿ ಹೆಚ್‌ಸ್ಪೆಕ್. ಅದಕ್ಕೂ ಮೊದಲು ಅದೇ ಭಾಷೆಯ ಇನ್ನೊಂದು ಲೈಬ್ರರಿ ಹೆಚ್‌ಯುನಿಟ್‌ನಲ್ಲಿ ಕೈ ಸುಟ್ಟುಕೊಂಡಿದ್ದೆ.

ಹೆಚ್‌ಯುನಿಟ್‌ನಲ್ಲಿ ಇದಕ್ಕೆಂದೇ ಸಿದ್ಧ ಅಸರ್ಷನ್ (ಫಲಿತಾಂಶ ಪರೀಕ್ಷಿಸುವ ಹೇಳಿಕೆ) ಇಲ್ಲ. ಎಕ್ಸೆಪ್ಷನ್ ಹಿಡಿಯುವ ‘ಟ್ರೈ’ ಒಳಗೆ ಫಂಕ್ಷನ್ ಓಡಿಸಿ, ಅದರ ಕೆಳಗಿನ ಸಾಲಿನಲ್ಲೇ ಟೆಸ್ಟ್ ಬೀಳಿಸುವ ‘ಅಸರ್ಟ್‌ಫೇಲ್ಯೂರ್’ ಬರೆದು, ಹಿಡಿಯಬೇಕಾದ ಟೈಪ್ ‘ಸಮ್‌ಎಕ್ಸೆಪ್ಷನ್’, ಅಂದರೆ ಯಾವ ಎಕ್ಸೆಪ್ಷನ್ ಆದರೂ ಸರಿ, ಎಂದಿದ್ದೆ. ಟೆಸ್ಟ್ ಸದಾ ಹಸಿರು. ಅಸರ್ಟ್‌ಫೇಲ್ಯೂರ್ ಎಸೆಯುವುದೂ ಒಂದು ಎಕ್ಸೆಪ್ಷನ್ನೇ, ನನ್ನ ‘ಟ್ರೈ’ ಅದನ್ನೂ ನುಂಗುತ್ತಿದೆ ಎಂಬುದು ಬಹಳ ತಡವಾಗಿ ಹೊಳೆಯಿತು. ಫಂಕ್ಷನ್ ಸುಮ್ಮನಿದ್ದರೂ ಪಾಸ್! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೆಚ್‌ಸ್ಪೆಕ್‌ನ ‘ಶುಡ್‌ಥ್ರೋ’ಗೆ ಒಂದು ಪ್ರೆಡಿಕೇಟ್ (ಹೌದು-ಅಲ್ಲ ಎನ್ನುವ ಫಂಕ್ಷನ್) ಕೊಟ್ಟರೆ ಸಾಕು. ಯಾವ ಎಕ್ಸೆಪ್ಷನ್ ಆದರೂ ಸರಿ ಎನ್ನಬಹುದು, ಸೊನ್ನೆಯಿಂದ ಭಾಗಿಸಿದ್ದು ಮಾತ್ರ ಎಂದೂ ಹೇಳಬಹುದು.

ಆದರೆ ಇಲ್ಲಿಯೂ ಒಂದು ಮುಳ್ಳಿದೆ. ಹ್ಯಾಸ್ಕೆಲ್ ಸೋಮಾರಿ ಭಾಷೆ. ಯಾರಾದರೂ ಕೇಳುವವರೆಗೆ ಲೆಕ್ಕ ಮಾಡುವುದಿಲ್ಲ. ಶುದ್ಧ ಫಂಕ್ಷನ್ನನ್ನು ‘ರಿಟರ್ನ್’ನಲ್ಲಿ ಸುತ್ತಿ ಕೊಟ್ಟರೆ ಏನೂ ಸಿಡಿಯುವುದಿಲ್ಲ, ಲೆಕ್ಕ ಮಾಡಿಸುವ ‘ಇವ್ಯಾಲ್ಯುಯೇಟ್’ ಬೇಕು. ಅದನ್ನು ಹಾಕಿದರೂ ನನ್ನ ಟೆಸ್ಟ್ ಕೆಂಪಾಗಿಯೇ ಇತ್ತು. ಫಂಕ್ಷನ್ ಹಿಂದಿರುಗಿಸುತ್ತಿದ್ದುದು ಪಟ್ಟಿ, ದೋಷವಿದ್ದದ್ದು ಅದರ ಮೂರನೆಯ ಅಂಶದಲ್ಲಿ. ಇವ್ಯಾಲ್ಯುಯೇಟ್ ಹೊರಗಿನ ಕನ್‌ಸ್ಟ್ರಕ್ಟರ್ ಕಂಡೊಡನೆ ನಿಲ್ಲುತ್ತದೆ. ಪಟ್ಟಿ ಖಾಲಿಯಲ್ಲ ಎಂದು ಗೊತ್ತಾದರೆ ಅದರ ಕೆಲಸ ಮುಗಿಯಿತು.

ತಲೆ ಕೆಡಿಸಿದ್ದು ಹ್ಯಾಸ್ಕೆಲ್ ಸಾಲುಗಳನ್ನು ಕೂಡಲೇ ಓಡಿಸಿ ಉತ್ತರ ಮುದ್ರಿಸುವ ಜಿಎಚ್‌ಸಿಐ. ಅಲ್ಲಿ ಅದೇ ಫಂಕ್ಷನ್ ಓಡಿಸಿದರೆ ಎಕ್ಸೆಪ್ಷನ್ ಕಣ್ಣೆದುರೇ ಬರುತ್ತಿತ್ತು, ಏಕೆಂದರೆ ಮುದ್ರಿಸಲು ಪ್ರತಿ ಅಂಶವನ್ನೂ ಲೆಕ್ಕ ಹಾಕಲೇಬೇಕು. ಅರ್ಧ ದಿನ ಫಂಕ್ಷನ್ನನ್ನೇ ಅನುಮಾನಿಸಿದೆ. ಕೊನೆಗೆ ಡೀಪ್‌ಸೀಕ್ (deepseq) ಪ್ಯಾಕೇಜಿನ, ಒಳಗಿನ ಅಂಶಗಳವರೆಗೂ ಲೆಕ್ಕ ಮಾಡಿಸುವ ‘ಫೋರ್ಸ್’ ಸೇರಿಸಿದಾಗ ಸರಿಹೋಯಿತು. ನಮ್ಮದೇ ಟೈಪ್‌ಗಳಿದ್ದರೆ ಫೋರ್ಸ್‌ಗೆ ಬೇಕಾದ ‘ಎನ್ಎಫ್‌ಡೇಟಾ’ ಇನ್‌ಸ್ಟನ್ಸ್ ಕೂಡ ಬರೆಯಬೇಕು, ಕಿರಿಕಿರಿಯೇ ಸರಿ. ಆದರೂ ಈ ದೋಷ ಕೆಂಪಾಗಿ ಕಾಡಿತೇ ಹೊರತು ಹಸಿರಾಗಿ ಸುಳ್ಳು ಹೇಳಲಿಲ್ಲ.

ಓಕ್ಯಾಮಲ್ ಭಾಷೆಯ ಟೆಸ್ಟ್ ಲೈಬ್ರರಿ ಆಲ್ಕೋಟೆಸ್ಟ್‌ನಲ್ಲಿ ಸೋಮಾರಿತನದ ತಂಟೆಯಿಲ್ಲ. ಆದರೆ ‘ಚೆಕ್_ರೈಸಸ್’ ಇಡೀ ಎಕ್ಸೆಪ್ಷನ್ ಮೌಲ್ಯವನ್ನೇ ಹೋಲಿಸುತ್ತದೆ. ಸಂದೇಶದ ಒಂದಕ್ಷರ ಬದಲಾದರೂ ಟೆಸ್ಟ್ ಬೀಳುತ್ತದೆ. ಸಂದೇಶಗಳನ್ನು ವಾರಕ್ಕೊಮ್ಮೆ ತಿದ್ದುವ ನನ್ನ ಚಾಳಿಗೆ ಅದು ಒಗ್ಗಲಿಲ್ಲ.

ಮೂರಕ್ಕೂ ಹಣ ಕೊಡಬೇಕಿಲ್ಲ, ಖರ್ಚಾಗುವುದು ಸಮಯ. ಈಗ ಹೆಚ್‌ಸ್ಪೆಕ್‌ನಲ್ಲಿ ಹೊಸ ಟೆಸ್ಟ್ ಬರೆದಾಗಲೆಲ್ಲ ಫಂಕ್ಷನ್ನಿನಿಂದ ಎಕ್ಸೆಪ್ಷನ್ ಒಮ್ಮೆ ಕಿತ್ತು ಹಾಕಿ, ಟೆಸ್ಟ್ ಕೆಂಪಾದುದನ್ನು ಕಂಡ ಮೇಲಷ್ಟೇ ಮತ್ತೆ ಹಾಕುತ್ತೇನೆ.