ಯುಪಿವಿಸಿ ಕಿಟಕಿಗೆ ದುಡ್ಡು ಕೊಡುವ ಮೊದಲು ಪ್ರೊಫೈಲ್ ಕತ್ತರಿಸಿ ತೋರಿಸಲು ಹೇಳಿ

ಮರದ ಕಿಟಕಿ ತೆಗೆಸಿ ಯುಪಿವಿಸಿ (ಗಟ್ಟಿ ಪಿವಿಸಿ ಪ್ಲಾಸ್ಟಿಕ್) ಹಾಕಿಸೋಣ ಎಂದುಕೊಂಡಿರುವವರು, ಹೊಸ ಮನೆಗೆ ಎರಡರಲ್ಲಿ ಯಾವುದು ಎಂದು ಗೊಂದಲದಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದೇ ಬರೆಯುತ್ತಿದ್ದೇನೆ. ಪ್ರೊಫೈಲ್ ಎಂದರೆ ಕಿಟಕಿಯ ಚೌಕಟ್ಟು ಮಾಡುವ ಟೊಳ್ಳು ಪ್ಲಾಸ್ಟಿಕ್ ಪಟ್ಟಿ.

ನಮ್ಮ ಹಳೇ ಮರದ ಕಿಟಕಿಗಳ ಕೆಳಗಿನ ಪಟ್ಟಿ ಕೊಳೆತುಹೋಗಿತ್ತು, ಕೆಲವು ಕಡೆ ಗೆದ್ದಲೂ ಹತ್ತಿತ್ತು. ಅದಕ್ಕೇ ಪ್ಲಾಸ್ಟಿಕ್ ಕಡೆ ಮನಸ್ಸು ಮಾಡಿದೆವು. "ಬಣ್ಣ ಹೊಡೆಯೋದು ಬೇಡ, ಗೆದ್ದಲು ಬರಲ್ಲ, ನೀರು ಇಳಿಯಲ್ಲ, ಒಂದು ಸಲ ಹಾಕಿಸಿದರೆ ಮುಗೀತು" ಎಂದು ಮಾರಿದವರು ಹೇಳಿದರು. ಈಗ ಹಾಲ್‌ನ ದೊಡ್ಡ ಕಿಟಕಿ ಮುಚ್ಚಬೇಕಾದರೆ ಒಬ್ಬರು ಶಟರ್ (ಸರಿಯುವ ಗಾಜಿನ ಬಾಗಿಲು) ಎತ್ತಿ ಹಿಡಿಯಬೇಕು, ಇನ್ನೊಬ್ಬರು ತಳ್ಳಬೇಕು. ಜೋರು ಮಳೆ ಬಂದರೆ ಕಿಟಕಿ ಕೆಳಗೆ ಬಟ್ಟೆ ಹಾಸುತ್ತೇವೆ. ಬಿಸಿಲು ಬೀಳುವ ಕಡೆಯ ಚೌಕಟ್ಟು ಹಳದಿಯಾಗಿದೆ, ಕೈ ಆಡಿಸಿದರೆ ಬಿಳಿ ಪುಡಿ ಅಂಟುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯುಪಿವಿಸಿ ಕೆಟ್ಟದ್ದು, ಮರವೇ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಯುಪಿವಿಸಿ ಹಾಕಿಸಿ ವರ್ಷಗಟ್ಟಲೆ ನೆಮ್ಮದಿಯಾಗಿರುವವರು ಇದ್ದಾರೆ. ಆದರೆ ಈ ಕಿಟಕಿಯಲ್ಲಿ ಮುಖ್ಯವಾದದ್ದೆಲ್ಲ ಒಳಗೆ ಅಡಗಿರುತ್ತದೆ. ಹೊರಗಿನಿಂದ ನೋಡಿದರೆ ಒಳ್ಳೆಯದೂ ಬಿಳಿ, ಕಳಪೆಯೂ ಬಿಳಿ. ಮೋಸ ನಡೆಯುವುದು ಅಲ್ಲೇ.

ನಮಗೆ ಅಂಗಡಿಯಲ್ಲಿ ತೋರಿಸಿದ ಸ್ಯಾಂಪಲ್ ಚೆನ್ನಾಗಿತ್ತು. ಪ್ರೊಫೈಲ್ ಒಳಗೆ ಹಲವು ಟೊಳ್ಳು ಕೋಣೆಗಳು, ಅದರ ಪ್ಲಾಸ್ಟಿಕ್ ಗೋಡೆ ದಪ್ಪ, ನಡುವೆ ಜಿಂಕ್ ಲೇಪನದ ಸ್ಟೀಲ್ ಪಟ್ಟಿ. "ನಮ್ಮ ಕಿಟಕಿಗೂ ಇದೇ ಸ್ಟೀಲ್ ಬರುತ್ತಾ?" ಎಂದು ಕೇಳಿದೆವು. ಬರುತ್ತೆ ಎಂದರು. ಬಿಲ್‌ನಲ್ಲಿ ಮಾತ್ರ ಬರೀ "ಯುಪಿವಿಸಿ ಸ್ಲೈಡಿಂಗ್, ಬಿಳಿ" ಎಂದಿತ್ತು, ಪಕ್ಕದಲ್ಲಿ ಚದರಡಿ ಲೆಕ್ಕ.

ಹಾಕಿದ ಹೊಸದರಲ್ಲಿ ಎಲ್ಲ ನಯವಾಗಿ ಓಡಿತು. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡ ಕಿಟಕಿ ಬಿಗಿಯಾಗತೊಡಗಿತು, ಸಂಜೆ ಮತ್ತೆ ಸರಿ ಹೋಗುತ್ತಿತ್ತು. ಆಮೇಲೆ ಸಂಜೆಯೂ ಸರಿ ಹೋಗಲಿಲ್ಲ. ಮೇಲಿನ ಪಟ್ಟಿ ನಡುವೆ ಜೋತುಬಿದ್ದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಮಾರಿದವರನ್ನು ಕರೆದರೆ "ರೋಲರ್ ಸವೆದಿದೆ" ಎಂದು ರೋಲರ್ ಬದಲಾಯಿಸಿ ಹೋದರು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಪರಿಚಯದ ಫ್ಯಾಬ್ರಿಕೇಶನ್ ಕೆಲಸದವರೊಬ್ಬರು ಬಂದು, ಜೇಬಿನಿಂದ ಗಟ್ಟಿ ಮ್ಯಾಗ್ನೆಟ್ ತೆಗೆದು ಚೌಕಟ್ಟಿನ ಉದ್ದಕ್ಕೂ ಸರಿಸಿದರು. ಎಲ್ಲೂ ಹಿಡಿಯಲಿಲ್ಲ. ಸ್ಕ್ರೂ ಇರುವ ಕಡೆ ಮಾತ್ರ ಕಚ್ಚಿತು. ಅಂದರೆ ಒಳಗೆ ಸ್ಟೀಲೇ ಇರಲಿಲ್ಲ. ಅಷ್ಟು ಉದ್ದದ ಟೊಳ್ಳು ಪ್ಲಾಸ್ಟಿಕ್ ಬರೀ ತನ್ನ ಬಲದ ಮೇಲೆ ನಿಂತಿತ್ತು.

ಸ್ಟೀಲ್ ಯಾಕೆ ಬೇಕು ಎಂದರೆ, ಪಿವಿಸಿ ಅಷ್ಟೊಂದು ಬಿಗುವಾದ ವಸ್ತು ಅಲ್ಲ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಮೆತ್ತಗಾಗಲು ಶುರುವಾಗುತ್ತದೆ, ಅದಕ್ಕಿಂತ ಎಷ್ಟೋ ಕೆಳಗೇ ಭಾರಕ್ಕೆ ನಿಧಾನವಾಗಿ ಬಗ್ಗುತ್ತದೆ. ಗಾಜಿನ ತೂಕವೂ ಕಡಿಮೆ ಅಲ್ಲ. 5 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ ತೂಗುತ್ತದೆ, ಡಬಲ್ ಗ್ಲಾಸ್ ಆದರೆ ಅದರ ಎರಡರಷ್ಟು. ಸಣ್ಣ ಬಾತ್‌ರೂಮ್ ಕಿಟಕಿಗೆ ಸ್ಟೀಲ್ ಇಲ್ಲದಿದ್ದರೂ ನಡೆದೀತು. ದೊಡ್ಡ ಕಿಟಕಿಗೆ, ಅದರಲ್ಲೂ ಬಿಸಿಲು ಹೊಡೆಯುವ ಕಡೆಗೆ, ಅದಿಲ್ಲದೆ ಆಗುವುದಿಲ್ಲ. ಮರದ ಬಣ್ಣದ ಹಾಳೆ ಅಂಟಿಸಿದ ಕಂದು ಪ್ರೊಫೈಲ್ ಬಿಳಿಯದಕ್ಕಿಂತ ಜಾಸ್ತಿ ಕಾಯುತ್ತದೆ, ಹಾಗಾಗಿ ಅದಕ್ಕೆ ಇನ್ನೂ ಮುಖ್ಯ.

ಆ ಫ್ಯಾಬ್ರಿಕೇಶನ್ ಕೆಲಸದವರೇ ಒಂದು ಕೆಟ್ಟ ಶಟರ್ ಬಿಚ್ಚಿ ಕತ್ತರಿಸಿ ತೋರಿಸಿದರು. ಪ್ರೊಫೈಲ್‌ನ ಹೊರಗೋಡೆಯ ದಪ್ಪ 2 ಮಿಲಿಮೀಟರ್ ಕೂಡ ಇರಲಿಲ್ಲ. ಯುರೋಪಿನ ಇಎನ್ 12608 ಮಾನದಂಡದಲ್ಲಿ ಎ ದರ್ಜೆಯ ಪ್ರೊಫೈಲ್‌ಗೆ ಕಾಣುವ ಗೋಡೆ ಕನಿಷ್ಠ 2.8 ಮಿಲಿಮೀಟರ್, ಬಿ ದರ್ಜೆಗೆ 2.5 ಎಂದಿದೆ. ಅಂಗಡಿಯ ಸ್ಯಾಂಪಲ್ ಪಕ್ಕ ಇದನ್ನು ಇಟ್ಟರೆ ಎರಡೂ ಬೇರೆ ಬೇರೆ ಮಾಲು ಎಂದು ಮಕ್ಕಳೂ ಹೇಳುತ್ತಾರೆ. ನನಗೆ ತುಂಬಾ ಸಿಟ್ಟು ಬಂದದ್ದು ಆಗಲೇ. ನೇರವಾಗಿ ಕೇಳಿದ ಪ್ರಶ್ನೆಗೆ ಮಾರಿದವರು ನೇರವಾಗಿ ಸುಳ್ಳು ಹೇಳಿದ್ದರು.

ಇನ್ನು ಬಿಗಿಯಾಗುವ ತೊಂದರೆ. ಪ್ಲಾಸ್ಟಿಕ್ ಶಾಖಕ್ಕೆ ಹಿಗ್ಗುವುದು ಮರಕ್ಕಿಂತ ಎಷ್ಟೋ ಜಾಸ್ತಿ. 2 ಮೀಟರ್ ಉದ್ದದ ಪಿವಿಸಿ 30 ಡಿಗ್ರಿ ಏರಿದರೆ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕಾಗಿ ಚೌಕಟ್ಟಿಗೂ ಗೋಡೆಗೂ ನಡುವೆ ಸುತ್ತಲೂ ಸ್ವಲ್ಪ ಸಂದು ಬಿಡಬೇಕು. ಆ ಸಂದಿನಲ್ಲಿ ಫೋಮ್ ತುಂಬಿ, ಹೊರಗಡೆ ಸಿಲಿಕಾನ್ ಎಳೆದು ಮುಚ್ಚಬೇಕು. ನಮ್ಮಲ್ಲಿ ಏನು ಮಾಡಿದ್ದರು ಗೊತ್ತಾ? ಕೆಲವು ಕಡೆ ಚೌಕಟ್ಟಿಗೆ ತಾಗಿಸಿಯೇ ಸಿಮೆಂಟ್ ಮೆತ್ತಿದ್ದರು. ಬೇಸಿಗೆಯಲ್ಲಿ ಹಿಗ್ಗಲು ಜಾಗವಿಲ್ಲದೆ ಚೌಕಟ್ಟು ಒಳಕ್ಕೆ ಬಾಗಿತು. ಇನ್ನು ಕೆಲವು ಕಡೆ ಬರೀ ಫೋಮ್ ತುಂಬಿ ಹಾಗೇ ಬಿಟ್ಟಿದ್ದರು. ಫೋಮ್ ಬಿಸಿಲಿಗೆ ನಿಲ್ಲುವುದಿಲ್ಲ, ಬಣ್ಣಗೆಟ್ಟು ಪುಡಿಪುಡಿಯಾಗಿ ಉದುರುತ್ತದೆ. ನಮ್ಮಲ್ಲೂ ಉದುರಿತು, ಆ ಸಂದಿನಿಂದಲೇ ಗೋಡೆಗೆ ನೀರು ಇಳಿಯಿತು. ಹಿಡಿದು ನಿಲ್ಲಿಸುವ ಸ್ಕ್ರೂಗಳನ್ನಾದರೂ ಸರಿಯಾಗಿ ಹಾಕಿದ್ದರಾ ಎಂದರೆ ಅದೂ ಇಲ್ಲ. ದೊಡ್ಡ ಚೌಕಟ್ಟು ಮೂಲೆಗಳ ಹತ್ತಿರ ಮಾತ್ರ ಗೋಡೆಗೆ ಕಚ್ಚಿತ್ತು, ನಡುವೆ ಫೋಮೇ ಗತಿ. ಫೋಮ್ ಇರುವುದು ಸಂದು ತುಂಬಲು, ಭಾರ ಹೊರಲು ಅಲ್ಲ.

ಮಳೆ ನೀರಿನ ವಿಷಯ ಇನ್ನೊಂದು. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್‌ಗೆ ನೀರು ಬಂದೇ ಬರುತ್ತದೆ. ಅದನ್ನು ಹೊರಗೆ ಕಳಿಸಲು ಕೆಳಗಿನ ಪಟ್ಟಿಯಲ್ಲಿ ಸಣ್ಣ ತೂತುಗಳಿರಬೇಕು. ನಮ್ಮ ಕಿಟಕಿಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ್ದರು, ಒಳಗೆ ತೂತೇ ಕೊರೆದಿರಲಿಲ್ಲ! ಟ್ರ್ಯಾಕ್ ತುಂಬಿ ನೀರು ಒಳಗೆ ಹರಿಯುತ್ತಿತ್ತು. ದೂರು ಕೊಟ್ಟ ಮೇಲೆ ಒಬ್ಬ ಹುಡುಗನನ್ನು ಡ್ರಿಲ್ ಕೊಟ್ಟು ಕಳಿಸಿದರು, ಅವನು ಒಳಗಿನಿಂದ ಹೊರಗೆ ನೇರವಾಗಿ ಕೊರೆದು ಹೋದ. ಒಳಗಿನ ತೂತು, ಹೊರಗಿನ ತೂತು ಒಂದರ ಎದುರು ಒಂದು ಬರಬಾರದು, ಪಕ್ಕಕ್ಕೆ ಸರಿದಿರಬೇಕು. ಇಲ್ಲದಿದ್ದರೆ ಗಾಳಿ ಬೀಸಿದಾಗ ಅದೇ ದಾರಿಯಲ್ಲಿ ನೀರು ವಾಪಸ್ ಬರುತ್ತದೆ. ನಮ್ಮಲ್ಲಿ ಈಗ ಗಾಳಿ ಮಳೆಗೆ ಟ್ರ್ಯಾಕ್‌ನಿಂದ ನೀರು ಚಿಮ್ಮುತ್ತದೆ.

ಹಳದಿಯಾಗುವುದಕ್ಕೂ ಕಾರಣ ಇದೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಪಿವಿಸಿಯನ್ನು ಕೆಡಿಸುತ್ತದೆ. ಅದನ್ನು ತಡೆಯಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಸೇರಿಸುತ್ತಾರೆ. ಅದು ದುಬಾರಿ, ಸುಣ್ಣಕಲ್ಲಿನ ಪುಡಿ ಅಗ್ಗ. ಅಗ್ಗದ ಮಾಲಿನಲ್ಲಿ ಮೊದಲನೆಯದು ಕಡಿಮೆಯಾಗಿ ಎರಡನೆಯದು ಜಾಸ್ತಿಯಾಗುತ್ತದೆ. ಕಣ್ಣಲ್ಲಿ ನೋಡಿ ಇದನ್ನು ಕಂಡುಹಿಡಿಯಲು ಆಗುವುದಿಲ್ಲ, ಹಾಗಾಗಿ ಪ್ರೊಫೈಲ್ ಮೇಲೆ ತಯಾರಿಸಿದ ಕಂಪನಿಯ ಹೆಸರು, ಬ್ಯಾಚ್ ಅಚ್ಚಾಗಿದೆಯಾ ನೋಡಿ. ನಮ್ಮದರಲ್ಲಿ ಏನೂ ಇರಲಿಲ್ಲ.

ರಿಪೇರಿ ಮಾಡಿಸಬಹುದಲ್ವಾ ಎಂದು ಕೇಳುತ್ತೀರಿ. ಇಲ್ಲೇ ಮರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ. ಮರದ ಕಿಟಕಿ ಉಬ್ಬಿದರೆ ಬಡಗಿ ಹತ್ತರಿ ಹೊಡೆದು ಸರಿ ಮಾಡುತ್ತಾರೆ, ಕೆಳಗಿನ ಪಟ್ಟಿ ಕೊಳೆತರೆ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಕೂಡಿಸುತ್ತಾರೆ. ಯುಪಿವಿಸಿಯ ಮೂಲೆಗಳನ್ನು ಬಿಸಿ ಮಾಡಿ ಬೆಸೆದಿರುತ್ತಾರೆ. ಒಂದು ಪಟ್ಟಿ ಬಾಗಿದರೆ ಇಡೀ ಶಟರ್ ಹೊಸದಾಗಬೇಕು. ಅದೇ ಅಳತೆಯ ಪ್ರೊಫೈಲ್ ಈಗ ಸಿಗುವುದಿಲ್ಲ ಎಂದರೆ ಚೌಕಟ್ಟೂ ಸೇರಿ ಹೋಯಿತು. ರೋಲರ್, ಲಾಕ್, ರಬ್ಬರ್ ಗ್ಯಾಸ್ಕೆಟ್ ಬದಲಾಯಿಸಬಹುದು, ಆದರೆ ಅದೇ ಮಾದರಿಯದು ಸಿಗಬೇಕು.

ಹಾಗಂತ ಮರಕ್ಕೆ ಹೋದರೆ ಮೋಸ ಇಲ್ಲ ಎಂದುಕೊಳ್ಳಬೇಡಿ. ನಮ್ಮ ಗೋಳು ನೋಡಿ ಅಣ್ಣ ತನ್ನ ಮನೆಗೆ ಮರವೇ ಇರಲಿ ಎಂದು ಮಾಡಿಸಿದ. ಒಣಗಿದ ಮರ ಎಂದು ಹೇಳಿ ಹಸಿ ಮರ ಹಾಕಿದ್ದರು. ಕಿಟಕಿ ಕೆಲಸಕ್ಕೆ ಮರದ ತೇವಾಂಶ ಶೇಕಡಾ 12ರ ಆಸುಪಾಸು ಇರಬೇಕು. ಹಸಿ ಮರದಲ್ಲಿ ಅದು 30 ದಾಟಿರುತ್ತದೆ. ಗೋಡೆಗೆ ಕೂಡಿಸಿದ ಮೇಲೆ ಅದು ಒಣಗುತ್ತಾ ಅಡ್ಡಡ್ಡಲಾಗಿ ಕುಗ್ಗಿತು, ಜಾಯಿಂಟ್ ಬಿಟ್ಟವು, ಬಾಗಿಲು ತಿರುಚಿಕೊಂಡವು. ಪಿನ್ ಇರುವ ಸಣ್ಣ ತೇವಾಂಶ ಮೀಟರ್ ಒತ್ತಿ ನೋಡಿದ್ದರೆ ಅರೆಕ್ಷಣದಲ್ಲಿ ಗೊತ್ತಾಗುತ್ತಿತ್ತು, ಆದರೆ ಕೆಲಸಕ್ಕೆ ಬಂದವರ ಹತ್ತಿರ ಅದು ಇರಲೇ ಇಲ್ಲ. ತೇಗ ಎಂದು ಕೊಟ್ಟದ್ದು ತೇಗವೇ ಆಗಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಗೆದ್ದಲಿಗೆ ಜಗ್ಗದಿರುವುದು ತೇಗದ ಕೆಚ್ಚು, ಅಂದರೆ ಒಳಗಿನ ಗಟ್ಟಿ ಕಂದು ಭಾಗ ಮಾತ್ರ. ಹೊರಗಿನ ಬಿಳಿ ಭಾಗಕ್ಕೆ ಆ ಗುಣ ಇಲ್ಲ. ಕಂದು ಬಣ್ಣದ ಪಾಲಿಶ್ ಬಳಿದರೆ ಬಿಳಿ ಭಾಗ ಎಲ್ಲಿದೆ ಎಂದು ಕಾಣುವುದೇ ಇಲ್ಲ. ಅದಕ್ಕೆ ಪಾಲಿಶ್‌ಗೂ ಮೊದಲೇ, ಮರ ಬರೀ ಮೈಯಲ್ಲಿರುವಾಗ ಹೋಗಿ ನೋಡಿ.

ಮರದಲ್ಲಿ ಇನ್ನೊಂದು ಕಡೆ ಎಲ್ಲರೂ ಕೈ ಕೊಡುತ್ತಾರೆ. ಬಣ್ಣ ಕಾಣುವ ಮೈಗೆ ಮಾತ್ರ. ಗೋಡೆಗೆ ಆನುವ ಮೈ, ಕುಯ್ದ ತುದಿಗಳು, ಶಟರ್‌ನ ಕೆಳ ಅಂಚು, ಇವಕ್ಕೆ ಯಾರೂ ಹೊಡೆಯುವುದಿಲ್ಲ. ಮರ ನೀರು ಹೀರುವುದು ಜಾಸ್ತಿ ಆ ಕುಯ್ದ ತುದಿಗಳಿಂದಲೇ. ತೇವಾಂಶ ಶೇಕಡಾ 20 ದಾಟಿ ಹಾಗೇ ನಿಂತರೆ ಕೊಳೆತದ ಶಿಲೀಂಧ್ರ ಹಿಡಿಯುತ್ತದೆ. ನಮ್ಮ ಹಳೇ ಕಿಟಕಿಗಳು ಕೆಳಗಿನಿಂದ ಕೊಳೆತದ್ದೂ ಹೀಗೇ, ತೆಗೆದಾಗ ಗೋಡೆ ಕಡೆಯ ಮೈಗೆ ಒಂದು ಹನಿ ಬಣ್ಣ ಇರಲಿಲ್ಲ. ಎಲ್ಲ ಆರು ಮೈಗೂ ಪ್ರೈಮರ್ ಆದ ಮೇಲೆಯೇ ಗೋಡೆಗೆ ಕೂಡಿಸಬೇಕು ಎಂದು ಹಟ ಹಿಡಿಯಿರಿ.

ನನ್ನನ್ನು ಕೇಳಿದರೆ, ಸಜ್ಜಾ ಅಗಲವಾಗಿದ್ದು ಮಳೆ ನೇರ ಬಡಿಯದ ಕಡೆ, ಕೆಲವು ವರ್ಷಕ್ಕೊಮ್ಮೆ ಬಣ್ಣ ಮಾಡಿಸುವ ಮನಸ್ಸಿರುವವರು ಮರವನ್ನೇ ಹಾಕಿಸಿ. ಗಾಳಿ ಮಳೆ ನೇರ ಹೊಡೆಯುವ ಕಡೆಗೆ, ಮಹಡಿ ಮೇಲೆ ಏಣಿ ಹಾಕಿ ಬಣ್ಣ ಹೊಡೆಯಲಾಗದ ಕಡೆಗೆ ಯುಪಿವಿಸಿ ಸರಿ. ಅಲ್ಲಿಯೂ ಸ್ಲೈಡಿಂಗ್ ಬೇಡ, ಕೀಲಿನ (ಹಿಂಜ್) ಮೇಲೆ ತೆರೆದು ಮುಚ್ಚುವ ಬಾಗಿಲಿನದು ಇರಲಿ. ಅದರ ಹಿಡಿ ತಿರುಗಿಸಿದರೆ ಬಾಗಿಲು ರಬ್ಬರ್ ಮೇಲೆ ಒತ್ತಿ ಕೂರುತ್ತದೆ. ಸ್ಲೈಡಿಂಗ್‌ನಲ್ಲಿ ಬ್ರಶ್‌ನಂಥ ಪಟ್ಟಿ ಮಾತ್ರ ಇರುವುದರಿಂದ ಗಾಳಿ, ಧೂಳು, ಸದ್ದು ಎಲ್ಲ ನುಸುಳುತ್ತದೆ. "ಯುಪಿವಿಸಿ ಹಾಕಿದರೆ ಮನೆ ತಂಪು" ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಕಿಟಕಿಯಲ್ಲಿ ಹೆಚ್ಚು ಜಾಗ ಗಾಜಿನದೇ, ಬಿಸಿಲು ಬರುವುದೂ ಅದರಿಂದಲೇ. ಒಂಟಿ ಗಾಜಾದರೆ ಚೌಕಟ್ಟು ಯಾವುದೇ ಇರಲಿ, ಶಾಖ ದಾಟುವುದು ಡಬಲ್ ಗ್ಲಾಸ್‌ಗಿಂತ ಸುಮಾರು ಎರಡು ಪಟ್ಟು.

ಗ್ಯಾರಂಟಿ ಕಾಗದ ನಮ್ಮ ಹತ್ತಿರವೂ ಇದೆ. ಅದರಲ್ಲಿ ಬರೆದದ್ದು ಪ್ರೊಫೈಲ್‌ಗೆ ಮಾತ್ರ, ಕೂಡಿಸಿದ ಕೆಲಸಕ್ಕೆ ಅಲ್ಲ. ಮಾರಿದವರು ಗಾರೆಯವರ ತಪ್ಪು ಎಂದರು, ಗಾರೆಯವರು ಕಿಟಕಿ ತಂದಾಗಲೇ ಸೊಟ್ಟ ಇತ್ತು ಎಂದರು. ಈಗ ಫೋನೂ ಎತ್ತುವುದಿಲ್ಲ. ಅಮ್ಮನಿಗೆ ಹಾಲ್‌ನ ಕಿಟಕಿ ಒಬ್ಬರೇ ತೆಗೆಯಲು ಆಗುವುದಿಲ್ಲ, ಸೆಕೆಯಲ್ಲೂ ಮುಚ್ಚಿಕೊಂಡೇ ಕೂರುತ್ತಾರೆ. ನನಗೆ ದುಡ್ಡಿಗಿಂತ ಅದು ಜಾಸ್ತಿ ನೋವು.

ಹಾಗಾಗಿ ಬಿಲ್‌ನಲ್ಲಿ ಬರೆಸಿಕೊಳ್ಳಿ: ಪ್ರೊಫೈಲ್ ಯಾವ ಕಂಪನಿಯದು, ಅದರ ಗೋಡೆ ದಪ್ಪ ಎಷ್ಟು, ಸ್ಟೀಲ್ ಎಲ್ಲೆಲ್ಲಿ ಎಷ್ಟು ದಪ್ಪ, ಗಾಜು ಎಷ್ಟು, ಕೂಡಿಸಿದ ಕೆಲಸಕ್ಕೆ ಯಾರು ಎಷ್ಟು ದಿನ ಹೊಣೆ. ನಿಮ್ಮ ಕಿಟಕಿಗೆ ಬರುವ ಪ್ರೊಫೈಲ್‌ನದೇ ಒಂದು ಕತ್ತರಿಸಿದ ತುಂಡು, ಸ್ಟೀಲ್ ಸಮೇತ, ಕೇಳಿ ಇಟ್ಟುಕೊಳ್ಳಿ. ಮಾಲು ಮನೆಗೆ ಬಂದ ಕೂಡಲೇ, ಗೋಡೆಗೆ ಕೂಡಿಸುವ ಮುಂಚೆ, ಮ್ಯಾಗ್ನೆಟ್ ಹಿಡಿದು ಎಲ್ಲಾ ಉದ್ದ ಪಟ್ಟಿ ನೋಡಿ. ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿ, ಹೊರಗಿನಿಂದ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಡಿ, ಒಬ್ಬರು ಒಳಗೆ ನಿಂತು ಮೂಲೆ, ಟ್ರ್ಯಾಕ್, ಗೋಡೆಯ ಸಂದು ನೋಡಲಿ. ಕೊನೆಯ ಕಂತು ಆಮೇಲೆಯೇ ಕೊಡಿ. ಮೊದಲೇ ಹೀಗೆ ಮಾತಾಡಿಕೊಂಡರೆ ಒಳ್ಳೆಯ ಕೆಲಸದವರು ಒಪ್ಪುತ್ತಾರೆ. ಒಪ್ಪದವರ ಹತ್ತಿರ ಕೆಲಸ ಮಾಡಿಸಬೇಡಿ.